ಲಾಕ್‌ಡೌನ್‌ನಲ್ಲಿ ಬೀಜ, ಗಿಡ ತಗೊಳ್ಳೋದು ಹೇಗೆ: ಮೊದ್ಲು ದಿನ ಎಣಿಸಿ, ಆಮೇಲೆ ಆರ್ಡರ್ ಮಾಡಿ

2020ರ ಮಾರ್ಚ್‌ನಲ್ಲಿ ಒಂದೊಂದಾಗಿ ಎಲ್ಲಾ ಬಂದ್ ಆಗ್ತಿದ್ದಾಗ ಒಂದೇ ರಾತ್ರಿ ಕೂತು ಹತ್ತೊಂಬತ್ತು ಪ್ಯಾಕೆಟ್ ಬೀಜ ಆನ್‌ಲೈನಲ್ಲಿ ಆರ್ಡರ್ ಮಾಡ್ಬಿಟ್ಟಿದ್ದೆ. ಮುಂದೆ ತರಕಾರಿನೇ ಸಿಗಲ್ವೇನೋ ಅನ್ನೋ ಭಯ, ಬೇರೇನೂ ಇಲ್ಲ. ಪಾರ್ಸೆಲ್ ಬಂದಿದ್ದು ಐದು ವಾರ ಆದ್ಮೇಲೆ, ಅಷ್ಟೊತ್ತಿಗೆ ಪಾಲಕ್, ಲೆಟ್ಯೂಸ್ ಬಿತ್ತೋ ಹದ ಹೋಗಿ ಮಣ್ಣು ಕಾದಿತ್ತು. ಮಣ್ಣು 30 ಡಿಗ್ರಿ ಹತ್ರ ಹೋದ್ರೆ ಲೆಟ್ಯೂಸ್ ಬೀಜ ನಿದ್ದೆಗೆ ಜಾರ್ಬಿಡತ್ತೆ, ಎಷ್ಟು ನೀರು ಹಾಕಿದ್ರೂ ಏಳಲ್ಲ. ಹತ್ತೊಂಬತ್ತರಲ್ಲಿ ಆ ಸಲ ಕೆಲ್ಸಕ್ಕೆ ಬಂದಿದ್ದು ಏಳೇ ಪ್ಯಾಕೆಟ್ಟು. ಅವತ್ತು ಅರ್ಥ ಆಗಿದ್ದೇನಂದ್ರೆ ಲಾಕ್‌ಡೌನಲ್ಲಿ ನಮ್ಗೆ ಕಮ್ಮಿ ಬೀಳೋದು ಬೀಜ ಅಲ್ಲ, ದಿನ. ಅದಕ್ಕೆ ಮತ್ತೆ ಲಾಕ್‌ಡೌನ್ ಬಂದ್ರೆ ಏನ್ಮಾಡೋದು ಅಂತ ಯಾರು ಕೇಳಿದ್ರೂ ಮೊದ್ಲು ಕ್ಯಾಲೆಂಡರ್ ತೆಗೀರಿ ಅಂತಲೇ ಹೇಳ್ತಿದೀನಿ.

ಅದು ನನ್ನೊಬ್ಬನ ಗಾಬರಿನೂ ಅಲ್ಲ. ಅಮೆರಿಕದ ಬರ್ಪಿ ಅನ್ನೋ ಹಳೇ ಬೀಜದ ಕಂಪನಿ, 1876ರಲ್ಲಿ ಶುರುವಾಗಿದ್ದು, ಅದರ 144 ವರ್ಷದ ಚರಿತ್ರೆಯಲ್ಲೇ ಆ ಮಾರ್ಚ್‌ನಷ್ಟು ಬೀಜ ಯಾವತ್ತೂ ಮಾರಿರಲಿಲ್ವಂತೆ. ಇಂಗ್ಲೆಂಡಲ್ಲಿ ಗಾರ್ಡನ್ ಸೆಂಟರ್‌ಗಳು ಮಾರ್ಚ್ ಕೊನೇಲಿ ಮುಚ್ಚಿ ಮತ್ತೆ ತೆಗೆದಿದ್ದು ಮೇ 13ಕ್ಕೆ, ಅಂದ್ರೆ ಬಿತ್ತನೆಯ ಮುಖ್ಯ ಸಮಯ ಬಹಳಷ್ಟು ಕಳೆದಮೇಲೆ. ಆ ಗಲಾಟೇಲಿ ಬೀಜ ಇರೋದೇ ಇಲ್ಲ ಅಂತಲ್ಲ, ಗೋಡೌನಲ್ಲಿ ಇರತ್ತೆ, ಪ್ಯಾಕ್ ಮಾಡೋಕೆ ಕೈ ಸಾಲಲ್ಲ, ಕೊರಿಯರ್ ಓಡಲ್ಲ. ಹಾಗಾಗಿ ವೆಬ್‌ಸೈಟಲ್ಲಿ "ಔಟ್ ಆಫ್ ಸ್ಟಾಕ್" ಅಂತ ಕಂಡ ತಕ್ಷಣ ಸಿಕ್ಕಿದ ಕಡೆಯೆಲ್ಲಾ ಆರ್ಡರ್ ಹಾಕ್ಬೇಡಿ, ಒಂದು ವಾರ ಬಿಟ್ಟು ಮತ್ತೆ ನೋಡಿ.

ಆರ್ಡರ್‌ಗಿಂತ ಮುಂಚೆ ಮನೇಲಿರೋ ಹಳೇ ಪ್ಯಾಕೆಟ್‌ಗಳನ್ನ ಹೊರಗೆ ತೆಗೀರಿ. ಡೇಟ್ ಮುಗಿದಿದೆ ಅಂತ ಎಸೀಬೇಡಿ, ಬೀಜದ ಆಯಸ್ಸು ಜಾತಿ ಮೇಲೆ ಹೋಗತ್ತೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದ್ರೆ ನಂಬೋ ಹಾಗಿಲ್ಲ, ಬೆಂಡೆ, ಮೆಣಸಿನಕಾಯಿ ಎರಡು ವರ್ಷದ ಆಸುಪಾಸು, ಬೀನ್ಸ್, ಕ್ಯಾರೆಟ್ ಮೂರು ವರ್ಷ ತನಕ, ಟೊಮ್ಯಾಟೊ, ಬದನೆ ನಾಲ್ಕು ವರ್ಷ ಆದ್ರೂ ಆರಾಮಾಗಿ ಬರತ್ತೆ, ಸೌತೆ ಐದು ವರ್ಷ. ಇದೆಲ್ಲಾ ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟಿದ್ರೆ ಮಾತ್ರ. ಅನುಮಾನ ಇದ್ರೆ ಟೆಸ್ಟ್ ಮಾಡಿ ನೋಡೋದೇ ಸರಿ. ಹತ್ತು ಬೀಜ ಎಣಿಸಿ ಒದ್ದೆ ಟಿಶ್ಯೂ ಪೇಪರ್ ಮೇಲೆ ಒಂದಕ್ಕೊಂದು ತಾಗದ ಹಾಗೆ ಸಾಲಾಗಿಟ್ಟು, ಮೇಲೆ ಇನ್ನೊಂದು ಒದ್ದೆ ಪೇಪರ್ ಮುಚ್ಚಿ, ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೆಚ್ಚಗಿನ ಕಡೆ ಇಡಿ. ಪೇಪರ್ ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು, ಅಷ್ಟು ಒದ್ದೆ ಸಾಕು. ಬೀನ್ಸ್ ನಾಲ್ಕೈದು ದಿನಕ್ಕೆ ಮೂತಿ ತೋರಿಸತ್ತೆ, ಟೊಮ್ಯಾಟೊಗೆ ಒಂದು ವಾರ, ಮೆಣಸಿನಕಾಯಿಗೆ ಎರಡು ವಾರ ಕೊಡಿ. ಹತ್ತರಲ್ಲಿ ಏಳು ಮೊಳಕೆ ಬಂದ್ರೆ ಹೊಸದು ಬೇಕೇ ಇಲ್ಲ, ನಾಲ್ಕೈದು ಬಂದ್ರೆ ದುಪ್ಪಟ್ಟು ದಟ್ಟವಾಗಿ ಬಿತ್ತಿ, ಮೂರಕ್ಕಿಂತ ಕಮ್ಮಿ ಆದ್ರೆ ಆಗ ಆರ್ಡರ್ ಮಾಡಿ. ಮೊಳಕೆ ಬಂದಿದ್ದನ್ನೂ ಎಸೀಬೇಡಿ, ಬೇರು ಮುರಿಯದ ಹಾಗೆ ಪೇಪರ್ ಸಮೇತ ಕತ್ತರಿಸಿ ಕುಂಡದಲ್ಲಿಟ್ರೆ ಅದೂ ಗಿಡನೇ.

ಇನ್ನು ಅಡುಗೆಮನೆ ಡಬ್ಬಿಗಳು. ಕೊತ್ತಂಬರಿ, ಮೆಂತ್ಯ, ಸಾಸಿವೆ, ಇಡೀ ಕಾಳುಗಳು ಇವಕ್ಕೆಲ್ಲ ಲಾಕ್‌ಡೌನಲ್ಲಿ ಬೀಜದಂಗಡಿ ಹುಡುಕೋ ಅಗತ್ಯನೇ ಇಲ್ಲ. ಕೊತ್ತಂಬರಿಯ ಒಂದು ಕಾಳಲ್ಲಿ ಎರಡು ಬೀಜ ಇರತ್ತೆ, ಅಂಗೈಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದ್ರೆ ಹತ್ತು ಹದಿನೈದು ದಿನಕ್ಕೆ ಬರತ್ತೆ. ಹುರಿದಿದ್ದು, ಬೇಳೆ ಒಡೆದಿದ್ದು ಮೊಳೆಯಲ್ಲ ಅನ್ನೋದು ನೆನಪಿರಲಿ. ಪುದೀನ, ತುಳಸಿ, ಸಿಹಿಗೆಣಸು ಇವನ್ನ ಕಡ್ಡಿಯಲ್ಲೇ ಮಾಡ್ಕೋಬಹುದು. ನಾಲ್ಕರಿಂದ ಆರು ಇಂಚು ಕಡ್ಡಿ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು ನೀರಲ್ಲಿ ಇಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಾಯಿಸ್ತಾ ಹೋಗಿ. ಪಕ್ಕದ ಮನೆಯವರ ಹತ್ರ ಇದ್ರೆ ಕೇಳಿ, ಅವರು ಗೇಟಿನ ಮೇಲಿಟ್ಟು ಹೋಗ್ಲಿ, ನೀವು ಆಮೇಲೆ ಹೋಗಿ ತಗೊಳ್ಳಿ, ಬದಲಿಗೆ ನಿಮ್ಮ ಹತ್ರ ಇರೋ ಬೀಜ ಕಾಗದದ ಪೊಟ್ಟಣ ಕಟ್ಟಿ ಹೆಸರು, ವರ್ಷ ಬರೆದು ಇಟ್ಬನ್ನಿ. ನನಗೆ ಆ ವರ್ಷ ಅತೀ ಚೆನ್ನಾಗಿ ಬಂದ ಬೆಂಡೆ ಹಾಗೆ ಹಳೇ ಪತ್ರಿಕೆಯ ಪೊಟ್ಟಣದಲ್ಲಿ ಬಂದಿದ್ದೇ.

ಈಗ ದಿನದ ಲೆಕ್ಕ, ಇದನ್ನ ದಯವಿಟ್ಟು ಪೇಪರಲ್ಲಿ ಬರೀರಿ. ನಿಮ್ಮ ಕಡೆ ಆ ಬೆಳೆಯ ಹವಾಮಾನ ಯಾವಾಗ ಮುಗಿಯತ್ತೆ ಅನ್ನೋ ತಾರೀಕು ಮೇಲೆ ಬರೆದು ಅಲ್ಲಿಂದ ಹಿಂದಕ್ಕೆ ಎಣಿಸಿ. ಮೆಣಸಿನಕಾಯಿ ತಗೊಳ್ಳಿ, ಮೊಳೆಯೋಕೆ ಎರಡು ವಾರ, ಸಸಿ ಆಗೋಕೆ ಆರು ವಾರ, ನಾಟಿ ಮಾಡಿದ್ಮೇಲೆ ಕಾಯಿಗೆ ಇನ್ನೂ ಎಪ್ಪತ್ತು ದಿನದ ಹತ್ರ, ಒಟ್ಟು ನಾಲ್ಕು ತಿಂಗಳು. ಅದರ ಮೇಲೆ ಕೊರಿಯರ್‌ಗೆ ಒಂದು ತಿಂಗಳು ಸೇರಿಸಿ. ಇಷ್ಟು ದಿನ ಕೈಯಲ್ಲಿ ಇಲ್ಲ ಅಂದ್ರೆ ಬೀಜ ಬೇಡವೇ ಬೇಡ, ಹತ್ತಿರದ ನರ್ಸರಿಯಲ್ಲಿ ಸಸಿ ಕೇಳಿ. ಅದೇ ಮೂಲಂಗಿ 25-30 ದಿನಕ್ಕೆ ಕೈಗೆ ಬರತ್ತೆ, ಪಾಲಕ್ 40, ಬೆಂಡೆ, ಬೀನ್ಸ್ 50 ದಿನದ ಆಸುಪಾಸು, ಪಾರ್ಸೆಲ್ ಲೇಟಾದ್ರೂ ಇವಕ್ಕೆ ದಾರಿ ಇರತ್ತೆ. ನಾನೀಗ ಪಾಲಿಸೋದು ಇಷ್ಟೇ, ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಈ ನಿಧಾನದವಕ್ಕೆ ಸಸಿ, ಮಿಕ್ಕಿದ್ದಕ್ಕೆಲ್ಲ ಬೀಜ. ಕ್ಯಾರೆಟ್, ಮೂಲಂಗಿ ಸಸಿ ಯಾರಾದ್ರೂ ಮಾರಿದ್ರೆ ತಗೋಬೇಡಿ, ಕಿತ್ತು ನೆಟ್ರೆ ಬೇರು ಸೊಟ್ಟ ಆಗತ್ತೆ, ಆ ಬೇರಿಗೋಸ್ಕರ ತಾನೇ ನಾವು ಬೆಳೆಯೋದು.

ಅಂಗಡಿಗೆ ಹೋಗೋ ವಿಷಯ. ನಿರ್ಬಂಧ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗತ್ತೆ, ಬೀಜ ಗೊಬ್ಬರದ ಅಂಗಡಿಗೆ ಅನುಮತಿ ಇದ್ದು ಅಲಂಕಾರದ ಗಿಡ ಮಾರೋ ನರ್ಸರಿಗೆ ಇಲ್ಲದೇ ಇರಬಹುದು. ಫಾರ್ವರ್ಡ್ ಮೆಸೇಜ್ ನಂಬ್ಬೇಡಿ, ಸ್ಥಳೀಯ ಆಡಳಿತದ ಆದೇಶನೇ ಓದಿ. ಆಮೇಲೆ ಅಂಗಡಿಗೆ ಫೋನ್ ಮಾಡಿ. ಒಂದು ಫೋನಲ್ಲಿ ಎಲ್ಲಾ ಮುಗಿಸೋ ಹಾಗೆ ಪಟ್ಟಿ ಕೈಯಲ್ಲಿರಲಿ, ಯಾವ ತಳಿ, ಎಷ್ಟು ಗ್ರಾಂ, ಅದು ಇಲ್ಲಾಂದ್ರೆ ಬದಲಿಗೆ ಯಾವುದು ಓಕೆ. ಪ್ಯಾಕೆಟ್ ಹಿಂದಿನ ಫೋಟೋ ವಾಟ್ಸಾಪಲ್ಲಿ ಕಳಿಸಿ ಅಂತ ಕೇಳೋಕೆ ಸಂಕೋಚ ಬೇಡ. ದುಡ್ಡು ಫೋನಲ್ಲೇ ಹಾಕಿ, ಟೈಮ್ ಹೇಳ್ಸಿಕೊಂಡು, ಬೇರೆ ಯಾವುದಾದ್ರೂ ಅಗತ್ಯಕ್ಕೆ ಹೊರಗೆ ಹೋಗೋ ದಿನವೇ ಬಾಗಿಲಲ್ಲಿ ಈಸ್ಕೊಂಡು ಬನ್ನಿ. ಒಂದು ಪೊಟ್ಟಣ ಬೀಜಕ್ಕೆ ಅಂತಲೇ ಪ್ರತ್ಯೇಕ ಹೊರಗೆ ಹೋಗೋದು ಬೇಡ, ಕೌಂಟರ್ ಆಚೆ ಇರೋರೂ ಮನೆಗೆ ವಾಪಸ್ ಹೋಗ್ಬೇಕು.

ಪ್ಯಾಕೆಟ್ ಹಿಂದೆ ಏನು ನೋಡ್ಬೇಕು? ಟೆಸ್ಟ್ ಮಾಡಿದ ತಾರೀಕು, ಎಲ್ಲೀವರೆಗೆ ಬರತ್ತೆ, ಮೊಳಕೆ ಶೇಕಡಾ ಎಷ್ಟು, ಲಾಟ್ ನಂಬರ್. ಎಫ್1 ಅಂತ ಇದ್ರೆ ಹೈಬ್ರಿಡ್, ಬೆಳೆ ಚೆನ್ನಾಗಿ ಬರತ್ತೆ ಆದ್ರೆ ಅದರ ಬೀಜ ಎತ್ತಿಟ್ರೆ ಮುಂದಿನ ಸಲ ಅದೇ ಗುಣ ಬರಲ್ಲ. ಮತ್ತೆ ಯಾವಾಗ ಎಲ್ಲಾ ಬಂದ್ ಆಗತ್ತೋ ಗೊತ್ತಿಲ್ಲದ ಕಾಲದಲ್ಲಿ ನನ್ನ ಓಟು ನಾಟಿ ತಳಿಗೆ, ಅಂದ್ರೆ ಓಪನ್ ಪಾಲಿನೇಟೆಡ್, ಒಂದ್ಸಲ ತಗೊಂಡ್ರೆ ನಮ್ದೇ ಬೀಜ. ಬೀಜಕ್ಕೆ ಗುಲಾಬಿ, ನೀಲಿ ಬಣ್ಣ ಹಚ್ಚಿದ್ರೆ ಅದು ಸಾಮಾನ್ಯವಾಗಿ ಔಷಧಿ ಹಾಕಿದ್ದು, ಮಕ್ಕಳ ಕೈಗೆ ಸಿಗಬಾರದು, ತಿನ್ನೋಕಂತೂ ಬಳಸ್ಲೇಬಾರದು.

ಮೋಸ ಲಾಕ್‌ಡೌನ್ ಟೈಮಲ್ಲೇ ಜಾಸ್ತಿ. ನೀಲಿ ಸ್ಟ್ರಾಬೆರಿ, ಒಂದೇ ಗಿಡದಲ್ಲಿ ಏಳು ಬಣ್ಣದ ಗುಲಾಬಿ, ಈ ಫೋಟೋ ಎಲ್ಲಾ ಕಂಪ್ಯೂಟರಲ್ಲಿ ಬಣ್ಣ ಬದಲಾಯಿಸಿದ್ದು, ಅಂಥ ಬೀಜನೇ ಇಲ್ಲ. ಬೇರೆ ದೇಶದಿಂದ ಬರೋ ಬೀಜಕ್ಕೆ ಸಾಮಾನ್ಯವಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದಿಲ್ಲದೆ ಕಳಿಸ್ತೀನಿ ಅನ್ನೋರ ಹತ್ರ ತಗೋಬೇಡಿ. 2020ರ ಜುಲೈನಲ್ಲಿ ಅಮೆರಿಕದಲ್ಲಿ ತುಂಬಾ ಜನರ ಮನೆಗೆ ಆರ್ಡರೇ ಮಾಡದ ಬೀಜದ ಕವರ್‌ಗಳು ಪೋಸ್ಟಲ್ಲಿ ಬಂದ್ವು, ಹೆಚ್ಚಿನವು ಚೀನಾದಿಂದ ಬಂದ ಹಾಗೆ ಕಾಣ್ತಿತ್ತು, ಅಲ್ಲಿನ ಕೃಷಿ ಇಲಾಖೆ ನೆಡಬೇಡಿ, ನಮಗೆ ತಿಳಿಸಿ ಅಂತ ಹೇಳ್ತು. ನಿಮಗೂ ಹಾಗೆ ಬಂದ್ರೆ ಕುಂಡಕ್ಕೂ ಬೇಡ, ಕಸಕ್ಕೂ ಬೇಡ, ಕವರ್ ಸಮೇತ ಮುಚ್ಚಿಟ್ಟು ಕೃಷಿ ಇಲಾಖೆಗೆ ಹೇಳಿ. ಹೊಸ ಕಳೆನೋ ರೋಗನೋ ಒಂದ್ಸಲ ಮಣ್ಣಿಗೆ ಬಿದ್ರೆ ವಾಪಸ್ ತೆಗೆಯೋಕಾಗಲ್ಲ.

ಗಿಡ ಪಾರ್ಸೆಲಲ್ಲಿ ತರಿಸೋದು ಬೀಜದ ಥರ ಅಲ್ಲ, ಜೀವ ಅದು. ವಾರದ ಶುರುವಲ್ಲೇ ಕಳಿಸಿ ಅಂತ ಆರ್ಡರಲ್ಲಿ ಬರೀರಿ, ಇಲ್ಲಾಂದ್ರೆ ಶನಿವಾರ ಭಾನುವಾರ ಯಾವುದೋ ಗೋಡೌನಿನ ಕತ್ತಲಲ್ಲಿ ಕೊಳೆಯತ್ತೆ. ನನಗೆ ಒಂದ್ಸಲ ಆರು ಟೊಮ್ಯಾಟೊ ಸಸಿ ಹನ್ನೊಂದು ದಿನ ಪ್ರಯಾಣ ಮಾಡಿ ಬಂತು. ಬಾಕ್ಸ್ ತೆಗೆದ್ರೆ ಒದ್ದೆ ರಟ್ಟಿನ ವಾಸನೆ, ಕೆಳಗಿನ ಎಲೆ ಹಳದಿಯಾಗಿ ಕಾಂಡಕ್ಕೆ ಅಂಟಿತ್ತು, ಬೆಳಕಿಲ್ಲದೆ ಕಾಂಡ ದಾರದ ಹಾಗೆ ಬೆಳ್ಳಗೆ ಉದ್ದ ಹೋಗಿತ್ತು. ನೇರ ಬಿಸಿಲಿಗಿಟ್ಟ ಎರಡು ಸಂಜೆಯೊಳಗೆ ಹೋದ್ವು. ಮಿಕ್ಕ ನಾಲ್ಕನ್ನ ನೆರಳಲ್ಲಿಟ್ಟು, ಹಳದಿ ಎಲೆ ಕತ್ತರಿಸಿ, ಮಣ್ಣಿಗೆ ಮಾತ್ರ ನೀರು ಕೊಟ್ಟು, ನಾಲ್ಕು ದಿನ ಆದ್ಮೇಲೆ ಕಾಂಡ ಅರ್ಧದಷ್ಟು ಮಣ್ಣೊಳಗೆ ಹೋಗೋ ಹಾಗೆ ಆಳವಾಗಿ ನೆಟ್ಟೆ. ಟೊಮ್ಯಾಟೊ ಕಾಂಡದಲ್ಲೂ ಬೇರು ಬಿಡತ್ತೆ, ನಾಲ್ಕೂ ಬದುಕಿದ್ವು. ಬೇರೆ ಗಿಡಗಳನ್ನ ಹೀಗೆ ಆಳಕ್ಕೆ ಹಾಕ್ಬೇಡಿ, ಬಹಳಷ್ಟು ಕೊಳೆತು ಹೋಗತ್ತೆ. ಬಂದ ಗಿಡ ಯಾವುದೇ ಆಗ್ಲಿ, ತಕ್ಷಣ ಬಾಕ್ಸ್ ಬಿಚ್ಚಿ, ಫೋಟೋ ತೆಗೆದಿಟ್ಕೊಳ್ಳಿ, ಗೊಬ್ಬರ ಹಾಕ್ಬೇಡಿ. ಎಲೆ ಹಿಂದೆ ತಿರುಗಿಸಿ ಬಿಳಿ ನೊಣ, ಹೇನು, ಗೆಣ್ಣುಗಳ ಸಂದಿಯಲ್ಲಿ ಹತ್ತಿ ಥರದ ಹಿಟ್ಟು ತಿಗಣೆ ಇದೆಯಾ ನೋಡಿ, ಇದ್ರೂ ಇಲ್ಲದಿದ್ರೂ ಎರಡು ವಾರ ಮಿಕ್ಕ ಗಿಡಗಳಿಂದ ದೂರ ಇಡಿ.

ಪಾರ್ಸೆಲ್‌ಗೆ ಸ್ಯಾನಿಟೈಸರ್ ಹೊಡೀಬೇಕಾ ಅಂತ ಎಲ್ಲರೂ ಕೇಳ್ತಾರೆ. ಶುರುವಲ್ಲಿ, 2020ರ ಮಾರ್ಚ್‌ನಲ್ಲಿ ಬಂದ ಒಂದು ಲ್ಯಾಬ್ ಅಧ್ಯಯನದಲ್ಲಿ ಕೊರೊನಾ ವೈರಸ್ ರಟ್ಟಿನ ಮೇಲೆ 24 ಗಂಟೆ, ಪ್ಲಾಸ್ಟಿಕ್ ಮೇಲೆ 72 ಗಂಟೆ ತನಕ ಸಿಕ್ಕಿತ್ತು, ಅದನ್ನ ಓದಿ ನಾವೆಲ್ಲ ಹೆದರಿದ್ವಿ. ಆದ್ರೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈರಸ್ ಇರೋ ವಸ್ತು ಮುಟ್ಟಿ ಸೋಂಕು ತಗಲೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಮ್ಮಿ ಅಂತ ಹೇಳ್ತು. ಹಾಗಾಗಿ ಬಾಕ್ಸ್ ಬಿಚ್ಚಿ ಕೈ ಸೋಪಲ್ಲಿ ತೊಳೀರಿ, ಸಾಕು. ಗಿಡದ ಎಲೆಗೆ ಸ್ಯಾನಿಟೈಸರ್ ಸಿಂಪಡಿಸ್ಬೇಡಿ, ಆಲ್ಕೋಹಾಲಿಗೆ ಎಲೆ ಸುಟ್ಟು ಹೋಗತ್ತೆ, ಬೀಜಕ್ಕಂತೂ ಬೇಡವೇ ಬೇಡ.

ಮಣ್ಣಿನ ಚೀಲ ತರಿಸೋದು ಭಾರ, ಕೊರಿಯರ್‌ನವರಿಗೂ ಕಷ್ಟ. ತೆಂಗಿನ ನಾರಿನ ಪುಡಿ, ಅದೇ ಕೋಕೋಪೀಟ್, ಅದರ ಒಂದು 5 ಕೆಜಿ ಇಟ್ಟಿಗೆ ನೀರಲ್ಲಿ ನೆನೆಸಿದ್ರೆ 60-75 ಲೀಟರ್ ತನಕ ಉಬ್ಬತ್ತೆ, ಮನೆ ಕಾಂಪೋಸ್ಟ್ ಜೊತೆ ಬೆರೆಸಿದ್ರೆ ಬಹಳಷ್ಟು ಕುಂಡಕ್ಕಾಗತ್ತೆ.

ಬೆಳೆದ ಮೇಲೆ ಚೆನ್ನಾಗಿರೋ ಒಂದೆರಡು ಗಿಡ ಬೀಜಕ್ಕೆ ಬಿಡಿ. ಟೊಮ್ಯಾಟೊ ಬೀಜವನ್ನ ರಸದ ಜೊತೆ ಲೋಟದಲ್ಲಿ ಎರಡು ಮೂರು ದಿನ ಹುಳಿಯೋಕೆ ಬಿಟ್ರೆ ಲೋಳೆ ಬಿಡತ್ತೆ, ತೊಳೆದು ತಟ್ಟೆಯಲ್ಲಿ ಹರಡಿ ಒಣಗಿಸಿ, ಪೇಪರ್ ಮೇಲೆ ಹಾಕಿದ್ರೆ ಅಂಟ್ಕೊಳ್ಳತ್ತೆ. ಕುಂಬಳ, ಸೋರೆ ಜಾತಿಯಲ್ಲಿ ಮಾತ್ರ ಜೋಪಾನ. ಹತ್ತಿರದ ಬೇರೆ ಗಿಡದ ಪರಾಗ ಬೆರೆತ್ರೆ ಆ ಬೀಜದಿಂದ ಬರೋ ಕಾಯಿ ಕೆಲವು ಸಲ ತುಂಬಾ ಕಹಿ ಆಗತ್ತೆ. ಅದು ಕುಕುರ್ಬಿಟಾಸಿನ್ ಅನ್ನೋ ವಿಷ, ಬೇಯಿಸಿದ್ರೂ ಹೋಗಲ್ಲ. ಒಂದು ಚೂರು ನಾಲಿಗೆಗೆ ಇಟ್ಟು ಕಹಿ ಅನಿಸಿದ್ರೆ ಉಗಿದು ಇಡೀ ಕಾಯಿ ಬಿಸಾಕಿ.

ಉಳಿದ ಬೀಜಕ್ಕೆ ತೇವ, ಬಿಸಿ ಎರಡೂ ಆಗಲ್ಲ. ಬೀಜದ ತೇವಾಂಶ ಶೇಕಡಾ 1 ಇಳಿದ್ರೆ ಆಯಸ್ಸು ಹತ್ತಿರ ಹತ್ತಿರ ಡಬಲ್, ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಇಳಿದ್ರೆ ಮತ್ತೆ ಡಬಲ್ ಅನ್ನೋದು ಬೀಜದವರ ಹಳೇ ಲೆಕ್ಕ. ಚೆನ್ನಾಗಿ ಒಣಗಿಸಿ, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಫ್ರಿಜ್‌ನಲ್ಲಿ ಇಡಿ. ಬಿತ್ತೋ ದಿನ ಡಬ್ಬಿ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೀಬೇಡಿ, ತಣ್ಣನೆ ಬೀಜದ ಮೇಲೆ ಹೊರಗಿನ ಗಾಳಿಯ ನೀರು ಕೂತ್ಕೊಳ್ಳತ್ತೆ. ಬೆಳಿಗ್ಗೆ ತೆಗೆದು ಹಾಗೇ ಮುಚ್ಚಿಟ್ಟಿರಿ, ಡಬ್ಬಿ ಮುಟ್ಟಿದ್ರೆ ತಣ್ಣಗೆ ಅನಿಸದೇ ಇದ್ದಾಗ, ಅಂದ್ರೆ ಸಂಜೆ ಹೊತ್ತಿಗೆ, ತೆಗೆದು ಬಿತ್ತಿ.