ಒಮ್ಮೊಮ್ಮೆ ಮಾತ್ರ ಸ್ಟಾರ್ಟ್ ಆಗದ ಕಾರು: ಬ್ಯಾಟರಿ ಬದಲಿಸುವ ಮೊದಲು ಇಷ್ಟು ನೋಡಿ

ಪೂರ್ತಿ ಕೆಟ್ಟು ನಿಂತ ಕಾರಿನ ದೋಷ ಹುಡುಕುವುದು ಸುಲಭ. ಬೆಳಿಗ್ಗೆ ಬದಿಯಡ್ಕದಲ್ಲಿ ಸರಿಯಾಗಿ ಸ್ಟಾರ್ಟ್ ಆಗಿ, ಕುಂಬಳೆ ಪೇಟೆಯಲ್ಲಿ ಸಾಮಾನು ತಗೊಂಡು ಬರುವಷ್ಟರಲ್ಲಿ ಕೈಕೊಟ್ಟು, ಮೆಕ್ಯಾನಿಕ್ ಬಂದ ಕೂಡಲೇ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದಲ್ವಾ, ಅದು ಕಷ್ಟ. ನಮ್ಮ ಕಾರು ಕಳೆದ ಮಳೆಗಾಲ ಪೂರ್ತಿ ಹೀಗೇ ಮಾಡಿತು. ಹೊಸ ಬ್ಯಾಟರಿ ಹಾಕಿಸಿದೆವು, ಒಂದು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಇಂಥ ದೋಷವನ್ನು ಅದು ಕೈಕೊಟ್ಟ ಗಳಿಗೆಯಲ್ಲೇ ಹಿಡಿಯಬೇಕು.

ಮೊದಲು ಕಿವಿಗೊಟ್ಟು ಕೇಳಿ. ಕೀ ತಿರುಗಿಸಿದಾಗ ಎಂಜಿನ್ ತಿರುಗುತ್ತದಾ, ಇಲ್ವಾ?

ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯ ತಂಟೆಗೆ ಹೋಗಬೇಡಿ. ಪೆಟ್ರೋಲ್ ಕಾರಾದರೆ ಕೀ ಆನ್ ಮಾಡಿದಾಗ ಸಾಮಾನ್ಯವಾಗಿ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು, ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿನ ಸಣ್ಣ ಗುಂಯ್ ಸದ್ದು ಬರುತ್ತದೆ. ಅದು ಇಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್) ನೋಡಿ. ಮೀಟರಿನಲ್ಲಿ ಕೀ ಚಿತ್ರದ ಲೈಟ್ ಮಿನುಗುತ್ತಿದ್ದರೆ ಕಾರು ಕೀಯನ್ನು ಗುರುತಿಸದೇ ಇರಬಹುದು, ಇನ್ನೊಂದು ಕೀ ಹಾಕಿ ನೋಡಿ. ಎಂಜಿನ್ ಬಿಸಿಯಾದಾಗ ಮಾತ್ರ ಹಠ ಮಾಡಿ, ಅರ್ಧ ಗಂಟೆ ತಣಿದ ಮೇಲೆ ಸರಿಯಾದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಸಂಶಯ ಪಡಬಹುದು.

ಎಂಜಿನ್ ತಿರುಗುವುದೇ ಇಲ್ಲ ಅಂತಾದರೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ಹಾಗೇ ಉರಿಯುತ್ತಿದ್ದು 'ಟಕ್' ಅಂತ ಒಂದೇ ಸದ್ದು ಬಂದರೆ ಹೆಚ್ಚಾಗಿ ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿನ ದೋಷ. ಸದ್ದೇ ಇಲ್ಲದಿದ್ದರೆ ಸೆಲ್ಫಿನ ರಿಲೇ ಅಥವಾ ಕ್ಲಚ್ ಸ್ವಿಚ್ (ಕ್ಲಚ್ ಒತ್ತಿದಾಗ ಮಾತ್ರ ಸೆಲ್ಫ್ ಹೊಡೆಯಲು ಬಿಡುವ ಸ್ವಿಚ್) ಇರಬಹುದು. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ, ಇಲ್ಲವೇ ಅದರ ಕನೆಕ್ಷನ್.

ಇಲ್ಲಿ ತುಂಬಾ ಜನ ಸುಮ್ನೆ ಬ್ಯಾಟರಿಗೆ ದುಡ್ಡು ಹಾಕುತ್ತಾರೆ. ಒಂದು ಸಾದಾ ಮಲ್ಟಿಮೀಟರ್ ಕಾರಿನಲ್ಲೇ ಇರಲಿ. ರಾತ್ರಿಯಿಡೀ ನಿಂತ ಕಾರಿನ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. 13 ದಾಟದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಮೆಕ್ಯಾನಿಕ್‌ಗೆ ತೋರಿಸಿ.

ನಮ್ಮ ಕಾರು ಕೈಕೊಟ್ಟಾಗ ಲೈಟ್ ಮಂಕಾಗಿತ್ತು, ಆದರೆ ಬ್ಯಾಟರಿಯ ಎರಡು ಕಂಬಗಳ ಮೇಲೆ ಮೀಟರ್ ಇಟ್ಟರೆ 12.5ರಿಂದ ಅಲ್ಲಾಡಲೇ ಇಲ್ಲ. ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇದೆ, ಹೊರಗೆ ಹೋಗುತ್ತಿಲ್ಲ! ನೆಗೆಟಿವಿನ ಕಪ್ಪು ಕೇಬಲ್ ಎಲ್ಲಿಗೆ ಹೋಗುತ್ತದೆ ಅಂತ ಹಿಡಿದು ಹೋದೆ. ಅದನ್ನು ಕಾರಿನ ಲೋಹದ ಮೈಗೆ ಬಿಗಿದ ಅರ್ತಿಂಗ್ ಬೋಲ್ಟಿನ ಕೆಳಗೆ ಹಸಿರು ಪುಡಿ, ಅದರಡಿ ಪದರ ಪದರ ತುಕ್ಕು. ಕಡಲ ಗಾಳಿ ಮತ್ತು ನಮ್ಮ ಮಳೆ, ಎರಡೂ ಸೇರಿದರೆ ಹೀಗೇ. ಅದೇ ರೀತಿ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಲೋಹಕ್ಕೂ ಮೀಟರ್ ಇಟ್ಟು ಸೆಲ್ಫ್ ಹೊಡೆಸಿ, ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತಿಂಗ್ ಸರಿ ಇಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಹೊಳೆಯುವ ಲೋಹ ಕಾಣುವವರೆಗೆ ಮರಳು ಕಾಗದದಲ್ಲಿ ಉಜ್ಜಿ, ಗಟ್ಟಿಯಾಗಿ ಬಿಗಿದು, ಮೇಲಿಂದ ವ್ಯಾಸಲಿನ್ ಹಚ್ಚಿ.