ರೆನೆಸಾನ್ಸ್ ನಾಟಕದಲ್ಲಿ ಸಂಯಮ ಹುಡುಕೋದು ಹೇಗೆ, ಆಡೋದು ಹೇಗೆ

ನಮ್ಮ ಕೊಡಗಲ್ಲಿ ಕಕ್ಕಡದ (ಆಷಾಢದ ಹೊತ್ತಿನ ಕೊಡವ ತಿಂಗಳು) ಮಳೇಲಿ ತೋಟದ ಕೆಲಸ ಕಮ್ಮಿ, ಕರೆಂಟೂ ಇರಲ್ಲ, ನಾಲ್ಕು ಜನ ಐನ್‌ಮನೆ, ಅಂದ್ರೆ ಕುಟುಂಬದ ಹಳೇ ಮೂಲಮನೆ, ಜಗಲೀಲಿ ಕೂತು ರೆನೆಸಾನ್ಸ್ ಕಾಲದ, ಅಂದ್ರೆ ಸುಮಾರು ನಾನೂರು ವರ್ಷ ಹಿಂದಿನ, ಷೇಕ್ಸ್‌ಪಿಯರ್ ನಾಟಕ ಓದೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ. ಆದ್ರೆ ಶುರುವಲ್ಲೇ ಎಲ್ರೂ ಮಾಡೋ ತಪ್ಪು ಒಂದಿದೆ, ಸಂಯಮ ಇರೋ ಪಾತ್ರ ಅಂದ್ರೆ ಮೆತ್ತಗೆ ಮಾತಾಡೋ ಪಾತ್ರ ಅನ್ಕೊಂಡ್ಬಿಡ್ತಾರೆ. ಕೋಪಾನೇ ಬರದೋನಿಗೆ ತಡ್ಕೊಳ್ಳೋಕೆ ಏನಿದೆ ಹೇಳಿ?

ಮೊದಲು ಪೆನ್ಸಿಲ್ ತಗೊಂಡು, ಕೈ ಎತ್ತಿ ನಿಲ್ಸಿದ ಜಾಗಗಳನ್ನ ಗುರುತು ಮಾಡಿ. ಒಥೆಲೋ ನಾಟಕದ ಮೊದಲನೇ ಅಂಕ ನೋಡಿ, ರಾತ್ರಿ ಬೀದೀಲಿ ಒಥೆಲೋ ಗುಟ್ಟಾಗಿ ಮದುವೆ ಆದ ಹುಡುಗಿಯ ಅಪ್ಪ ಜನ ಕಟ್ಕೊಂಡು ನುಗ್ಗಿ ಬಂದಿದಾನೆ, ಎರಡೂ ಕಡೆ ಕತ್ತಿ ಹೊರಗೆ, ಒಥೆಲೋ ಹೇಳೋದು ಇಷ್ಟೇ, ಹೊಳೆಯೋ ಕತ್ತಿ ಒಳಗಿಡಿ, ಇಬ್ಬನಿಗೆ ತುಕ್ಕು ಹಿಡಿಯತ್ತೆ ಅಂತ. ಚೇಲೆಗೆ (ಸೊಂಟದ ಪಟ್ಟಿ) ಪೀಚೆಕತ್ತಿ, ಅಂದ್ರೆ ಒರೆ ಇರೋ ಪುಟ್ಟ ಕತ್ತಿ, ಸಿಕ್ಸ್ಕೊಂಡು ಮದುವೆಗೆ ಹೋಗೋ ನಮ್ಮೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ, ಕತ್ತಿ ಸೊಂಟದಲ್ಲೇ ಇರತ್ತೆ, ಒರೆ ಬಿಟ್ಟು ಬರಲ್ಲ. ಈ ಸಾಲನ್ನ ಕಿರುಚಬೇಡಿ, ಆರಾಮಾಗಿ ಹೇಳಿ. ಇದೇ ಮನುಷ್ಯ ಐದನೇ ಅಂಕದಲ್ಲಿ ಹೆಂಡ್ತಿ ಉಸಿರು ಕಟ್ಟಿಸಿ ಸಾಯಿಸ್ತಾನೆ, ಮೊದಲು ಅವನು ಎಷ್ಟು ತಣ್ಣಗಿದ್ದ ಅಂತ ನೋಡಿದೋರಿಗೇ ಅದು ಜಾಸ್ತಿ ಚುಚ್ಚೋದು.

ಆಮೇಲೆ, ಕೈ ಯಾಕೆ ನಿಂತು ಅಂತ ಕೇಳ್ಲೇಬೇಕು. ಹ್ಯಾಮ್ಲೆಟ್, ತನ್ನ ಅಪ್ಪನ್ನ ಕೊಂದು ಈಗ ಪ್ರಾರ್ಥನೆ ಮಾಡ್ತಿರೋ ಚಿಕ್ಕಪ್ಪನ ಹಿಂದೆ ಕತ್ತಿ ಹಿರಿದು ನಿಂತೂ ಹೊಡೆಯಲ್ಲ, ಆದ್ರೆ ಕಾರಣ ಏನು ಗೊತ್ತಾ, ಈಗ ಸತ್ರೆ ಸ್ವರ್ಗಕ್ಕೆ ಹೋಗ್ತಾನೆ, ಪಾಪ ಮಾಡ್ತಿರೋವಾಗ ಕೊಂದ್ರೆ ನರಕಕ್ಕೇ ಹೋಗ್ತಾನೆ ಅಂತ! ಇದನ್ನ ಸಂಯಮ ಅಂತ ಆಡಿದ್ರೆ ಸೀನೇ ಹಾಳು. ಅದರ ಹಿಂದಿನ ದೃಶ್ಯದಲ್ಲಿ ಗೆಳೆಯ ಹೊರೇಷಿಯೋನ, ಭಾವಾವೇಶಕ್ಕೆ ಗುಲಾಮ ಆಗದೋನು ಅಂತ ಹೊಗಳಿದ್ದೂ ಇವನೇ. ಮೆಷರ್ ಫಾರ್ ಮೆಷರ್ ನಾಟಕದಲ್ಲಿ ಡ್ಯೂಕ್ ಬದಲು ಆಡಳಿತ ನಡ್ಸೋ ಆಂಜೆಲೋದು ಇನ್ನೊಂದು ಥರ, ಆಸೆ ಎದುರಿಗೆ ಬಂದು ನಿಲ್ಲೋವರೆಗೂ ಮಾತ್ರ ಕಟ್ಟುನಿಟ್ಟು.

ಆಡೋದು ಹೇಗೆ ಅಂತ ಹ್ಯಾಮ್ಲೆಟ್ಟೇ ನಟರಿಗೆ ಹೇಳ್ತಾನೆ, ಗಾಳೀನ ಗರಗಸದ ಥರ ಕೈಯಲ್ಲಿ ಕೊಯ್ಬೇಡಿ, ಭಾವ ಬಿರುಗಾಳಿ ಆದಾಗ್ಲೂ ಒಂದು ಹಿಡಿತ ಇರ್ಲಿ ಅಂತ. ಕೈ ಅರ್ಧ ಎತ್ತಿ, ನಿಲ್ಸಿ, ಉಸಿರು ಬಿಟ್ಟು ಇಳಿಸಿ ನೋಡಿ. ಪೂರ್ತಿ ಎತ್ತದೇ ಇದ್ರೇನೇ ಭಯ ಆಗೋದು.

ಕೊನೇಗೆ ಟೆಂಪೆಸ್ಟ್, ನನ್ನ ಪ್ರಕಾರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ. ಮಂತ್ರವಾದಿ ಪ್ರಾಸ್ಪೆರೋನ ರಾಜ್ಯ ಕಿತ್ಕೊಂಡ ತಮ್ಮ, ಆ ತಮ್ಮನ ಜೊತೆಯೋರು ಎಲ್ಲಾ ಈಗ ಪ್ರಾಸ್ಪೆರೋ ಕೈಲಿದಾರೆ. ಪ್ರಾಸ್ಪೆರೋ ಹೇಳ್ದಂಗೆ ಕೇಳೋ ಗಾಳಿಯಂಥ ಆತ್ಮ ಏರಿಯಲ್ ಬಂದು, ಮುದುಕ ಗೊಂಜಾಲೋನ ಕಣ್ಣೀರು ಗಡ್ಡದ ಮೇಲೆ ಇಳೀತಿದೆ, ಚಳಿಗಾಲದಲ್ಲಿ ಹುಲ್ಲಿನ ಸೂರಿಂದ ಹನಿ ಬಿದ್ದಂಗೆ, ನಾನು ಮನುಷ್ಯ ಆಗಿದ್ರೆ ಕರಗ್ತಿದ್ದೆ ಅಂತಾನೆ. ಪ್ರಾಸ್ಪೆರೋ ಕ್ಷಮಿಸ್ತಾನೆ, ಆದ್ರೆ ತಮ್ಮ ಅಂತ ಕರೆದ್ರೆ ಬಾಯೇ ಕೆಡತ್ತೆ ಅಂತ ಬೈದು ಕ್ಷಮಿಸ್ತಾನೆ, ಕೋಪ ಎಲ್ಲೂ ಹೋಗಿಲ್ಲ, ಅದನ್ನ ಒರೆಸಿ ಹಾಕ್ಬೇಡಿ. ಏರಿಯಲ್ ಮಾತು ಮುಗಿದ ಕೂಡ್ಲೆ ಪ್ರಾಸ್ಪೆರೋ ಉತ್ತರ ಕೊಡೋದು ಬೇಡ. ಜಗಲಿ ಸೂರಿಂದ ನಾಲ್ಕೈದು ಹನಿ ಬೀಳೋವರೆಗೂ ಸುಮ್ನೆ ಕಾಯಿರಿ, ಆಮೇಲೆ ಬಾಯಿ ಬಿಡ್ಲಿ.