ಬಾಡಿದ ಕೋಳಿಮರಿಗೆ ಮೊದಲು ಬೇಕಾದ್ದು ನುಚ್ಚಲ್ಲ

ಆಟಿ ತಿಂಗಳ ಮಳೆಯಲ್ಲಿ ಕೋಳಿಮರಿ ತರಿಸಬೇಡ ಅಂತ ಮೊಮ್ಮಗನಿಗೆ ಹೇಳಿದ್ದೆ. ಕೇಳಬೇಕಲ್ಲ! ಮೊಬೈಲಿನಲ್ಲೇ ದುಡ್ಡು ಕಟ್ಟಿ 25 ಕಡಕ್‌ನಾಥ್ ಮರಿ ತರಿಸಿದ. ಕಪ್ಪು ಕೋಳಿಯೇ ಬೇಕಿದ್ದರೆ ಇಲ್ಲೇ ನಮ್ಮ ತಲಶ್ಶೇರಿ ಕೋಳಿ ಇತ್ತು, ಮಧ್ಯಪ್ರದೇಶದ ಝಾಬುವಾ ಕಡೆಯ ಜಾತಿ ಯಾಕೆ ಬೇಕಿತ್ತೋ. ಅವು ರೈಲಿನಲ್ಲಿ ಬಂದು, ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದು, ಜೀಪಿನಲ್ಲಿ ಬದಿಯಡ್ಕ ದಾಟಿ ನಮ್ಮ ಅಂಗಳ ಮುಟ್ಟುವಾಗ ಮೂರನೇ ದಿನದ ಸಂಜೆ. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ 22 ಮರಿ ಚಿಂವ್‌ಗುಟ್ಟುತ್ತಿದ್ದವು. ಎರಡು ಸತ್ತಿದ್ದವು. ಒಂದು ಮಾತ್ರ ಮೂಲೆಯಲ್ಲಿ ಕುತ್ತಿಗೆ ನೆಲಕ್ಕೆ ಹಾಕಿ ಬಿದ್ದಿತ್ತು, ನೀರಿಗೆ ಬಿದ್ದ ಹತ್ತಿಯುಂಡೆ ಹಾಗೆ.

ಮೊಮ್ಮಗ ನುಚ್ಚು ತರಲು ಓಡಿದ. ಸೊಸೆ ಒಳಲೆಯಲ್ಲಿ ಹಾಲು ಹಿಡಿದು ಬಂದಳು. ಇಬ್ಬರನ್ನೂ ಅಲ್ಲೇ ನಿಲ್ಲಿಸಿದೆ. ಯಾಕೆಂದರೆ ಹಿಂದೊಮ್ಮೆ ಹೀಗೇ ಗಡಿಬಿಡಿಯಲ್ಲಿ ಹಾಲು ಕುಡಿಸಿ ಒಳ್ಳೆ ಮರಿಯೊಂದನ್ನು ನಾನೇ ಕೊಂದಿದ್ದೇನೆ.

ಮರಿ ಮೊಟ್ಟೆಯೊಡೆದು ಬರುವ ಮುಂಚೆ ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದು ಎರಡು ದಿನ, ಹೆಚ್ಚೆಂದರೆ 72 ಗಂಟೆಗೆ ಬುತ್ತಿ. ಆ ಬುತ್ತಿ ಇರುವುದರಿಂದಲೇ ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ದೂರ ಕಳಿಸಲು ಆಗುವುದು. ಆದರೆ ದಾರಿಯಲ್ಲಿ ಚಳಿ ಹಿಡಿದರೆ ಬುತ್ತಿಯೂ ಬೇಗ ಮುಗಿಯುತ್ತದೆ, ಮೈಯೂ ತಣ್ಣಗಾಗುತ್ತದೆ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಆಗ ತಿನಿಸಿದ್ದು ಗಂಟಲ ಚೀಲದಲ್ಲಿ ಹಾಗೇ ಕೂತು ಹುಳಿಯುತ್ತದೆ. ಹಾಲಂತೂ ಹಕ್ಕಿ ಜಾತಿಗೆ ಅರಗುವುದೇ ಇಲ್ಲ. ಹಾಗಾಗಿ ಮೊದಲು ಕಾವು, ಆಮೇಲೆ ನೀರು, ತಿಂಡಿ ಕೊನೆಗೆ.

ಮರಿಯ ಕಾಲನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ. ಬೆರಳಿಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತದೆ. ಇದರ ಕಾಲು ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಸೆರಗಿನೊಳಗೆ ಎದೆಗೆ ಒತ್ತಿ ಹಿಡಿದು ಅರ್ಧ ಗಂಟೆ ಸುಮ್ನೆ ಕೂತೆ. ಕರೆಂಟು ಹೋಗಿತ್ತು, ಆಟಿಯಲ್ಲಿ ಅದು ಇರುವುದೇ ಅಪರೂಪ ಅಲ್ವಾ? ಆಮೇಲೆ ಎರಡು ಬಾಟ್ಲಿಗೆ ಬಚ್ಚಲ ಹಂಡೆಯ ನೀರು ತುಂಬಿಸಿದೆ. ಕೈಯಲ್ಲಿ ಹಿಡಿದರೆ ಹಿತವಾಗಬೇಕು, ಸುಡಬಾರದು. ಒಂದೊಂದನ್ನೂ ಹಳೇ ಬೈರಾಸಿನಲ್ಲಿ ಸುತ್ತಿ ಬುಟ್ಟಿಯ ಒಂದೇ ಬದಿಗೆ ಇಟ್ಟೆ. ಇನ್ನೊಂದು ಬದಿ ಖಾಲಿ ಬಿಡಬೇಕು, ಸೆಖೆಯಾದರೆ ಮರಿಗೆ ಸರಿಯಲು ಜಾಗ ಬೇಕಲ್ಲ. ಗಂಟೆಗೊಮ್ಮೆ ನೀರು ಬದಲಿಸಿದೆ. ರಾತ್ರಿ ನಿದ್ದೆ ಇಲ್ಲ, ಅದು ಬೇರೆ ಮಾತು.

ಕರೆಂಟು ಇದ್ದರೆ ಬಲ್ಬು ಸುಲಭ. ಆದರೆ ಈಗಿನ ಎಲ್‌ಇಡಿ ಬಲ್ಬಿನಿಂದ ಮರಿಗೆ ಸಾಕಾಗುವಷ್ಟು ಕಾವು ಬರುವುದಿಲ್ಲ. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬೇ ಬೇಕು, ಅಂಗಡಿಯಲ್ಲಿ ಹುಡುಕಬೇಕಾಗುತ್ತದೆ. ಮೊದಲ ವಾರ ಬುಟ್ಟಿಯೊಳಗೆ ಸುಮಾರು 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಬಂದರಾಯಿತು. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗಲಾಟೆ ಮಾಡಿದರೆ ಚಳಿ. ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಖೆ. ಹರಡಿ ಮಲಗಿದರೆ ಸರಿ ಇದೆ ಅಂತ. ಕೆಂಡದ ಮಡಕೆ ಇಡುವವರು ಇದ್ದಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದು ಬೇಡವೇ ಬೇಡ. ಆ ಹೊಗೆ ಮರಿಯನ್ನೂ ಬಿಡುವುದಿಲ್ಲ, ಮನುಷ್ಯರನ್ನೂ ಬಿಡುವುದಿಲ್ಲ.

ಕಾಲು ಬೆಚ್ಚಗಾಗಿ, ಮರಿ ತಲೆ ಎತ್ತಿದ ಮೇಲೆ ನೀರು. ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ ಕದಡಿ. ಬೆಲ್ಲವಾದರೂ ಆದೀತು. ಬಾಯಿ ಬಿಡಿಸಿ ಹೊಯ್ಯಬೇಡಿ, ಶ್ವಾಸಕ್ಕೆ ಹೋದರೆ ಮುಗಿಯಿತು. ಬೆರಳ ತುದಿಯಲ್ಲಿ ಒಂದು ಹನಿ ತೆಗೆದು ಕೊಕ್ಕಿನ ಬದಿಗೆ ಮುಟ್ಟಿಸಿ. ಮೂಗಿನ ತೂತು ಕೊಕ್ಕಿನ ಮೇಲ್ಗಡೆ ಇರುವುದು, ಅಲ್ಲಿಗೆ ತಾಗಬಾರದು. ನಮ್ಮದು ಮೊದಲ ಎರಡು ಹನಿಗೆ ಅಲ್ಲಾಡಲಿಲ್ಲ. ಮೂರನೆಯದಕ್ಕೆ ಕೊಕ್ಕು ಚಪ್ಪರಿಸಿತು. ಆ ಟಿಕ್ ಟಿಕ್ ಶಬ್ದ ಕೇಳಿ ಮೊಮ್ಮಗ ಎಷ್ಟು ಜೋರಾಗಿ ಕಿರುಚಿದನೆಂದರೆ, ಮಲಗಿದ್ದ ಅವನ ಅಜ್ಜ ಎದ್ದು ಬಂದರು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಹನಿ ಕೊಟ್ಟೆ. ಸಕ್ಕರೆ ನೀರು ಮೊದಲ ದಿನಕ್ಕೆ ಸಾಕು, ಜಾಸ್ತಿ ದಿನ ಕೊಟ್ಟರೆ ಹೊಟ್ಟೆ ಸಡಿಲವಾಗುತ್ತದೆ.

ತಿಂಡಿ ಮರುದಿನ ಬೆಳಿಗ್ಗೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರು ಹಾಕಿ ನುರಿದು, ಕಡಲೆಯಷ್ಟು. ಕೋಳಿಗೆ ಕೋಳಿಮೊಟ್ಟೆಯಾ ಅಂತ ಸೊಸೆ ಮುಖ ಸಿಂಡರಿಸಿದಳು. ಮೊಟ್ಟೆಯೊಳಗೆ ತಿಂದದ್ದೂ ಅದನ್ನೇ ಅಲ್ವಾ ಅಂದೆ. ಎದ್ದು ನಿಂತ ಮೇಲೆ ಎಲ್ಲದಕ್ಕೂ ಮರಿಗಳ ಫೀಡೇ ಹಾಕಿ, ಬರೀ ನುಚ್ಚಿನಲ್ಲಿ ಬೆಳೆಯಲು ಬೇಕಾದ ಸತ್ವ ಇಲ್ಲ. ನೀರಿನ ತಟ್ಟೆಗೆ ನಾಲ್ಕು ಬೆಣಚುಕಲ್ಲು ಹಾಕಿಡಿ, ಇಲ್ಲದಿದ್ದರೆ ಬಲವಿಲ್ಲದ ಮರಿ ಬೆರಳುದ್ದ ನೀರಿನಲ್ಲೂ ಮುಳುಗುತ್ತದೆ. ಕೆಳಗೆ ಪೇಪರ್ ಹಾಸಬೇಡಿ. ಜಾರಿ ಜಾರಿ ಕಾಲು ಎರಡು ಬದಿಗೆ ಹೋಗಿಬಿಡುತ್ತದೆ. ಗೋಣಿ ಹಾಸಿ. ಬುಟ್ಟಿಯ ಸುತ್ತ ಇರುವೆ ಬರುತ್ತದಾ ನೋಡಿ. ಬಿದ್ದುಕೊಂಡ ಮರಿಯ ಕಣ್ಣಿಗೇ ಮೊದಲು ಮುತ್ತುವುದು ಅವು. ಬುಟ್ಟಿಯನ್ನು ಸ್ಟೂಲಿನ ಮೇಲಿಟ್ಟು, ಅದರ ನಾಲ್ಕೂ ಕಾಲನ್ನು ನೀರಿನ ಚಿಪ್ಪಿನಲ್ಲಿ ನಿಲ್ಲಿಸಿದರೆ ಆಯಿತು.

ಮನೆಯಲ್ಲಿ ಕಾವು ಕೂತ ಹೇಂಟೆ ಇದ್ದರೆ ಈ ಯಾವ ತಾಪತ್ರಯವೂ ಇಲ್ಲ. ಮರಿ ಸ್ವಲ್ಪ ಚೇತರಿಸಿದ ಮೇಲೆ ಕತ್ತಲಲ್ಲಿ ಮೆಲ್ಲಗೆ ಅದರ ಅಡಿಗೆ ತಳ್ಳಿ. ಬೆಳಿಗ್ಗೆ ತನ್ನದೇ ಅಂತ ಸಾಕಿಕೊಳ್ಳುವುದೇ ಹೆಚ್ಚು, ಆದರೂ ಬೆಳಕು ಹರಿಯುವಾಗ ಹೋಗಿ ನೋಡಿ. ಕೆಲವು ಹೇಂಟೆ ಕುಟ್ಟುತ್ತವೆ.

ನಮ್ಮ ಮರಿ ಮೂರನೇ ದಿನಕ್ಕೆ ಓಡಾಡಿತು. ಹಗಲಿನಲ್ಲಿ ಉಳಿದವುಗಳ ಜೊತೆ ಬಿಟ್ಟರೆ ಕುಟ್ಟುತ್ತವೆ ಅಂತ ಸಂಜೆ ಮಲಗುವ ಹೊತ್ತಿಗೆ ಸೇರಿಸಿದೆ. ಆದರೆ ಇದರ ಶುಶ್ರೂಷೆಯಲ್ಲೇ ಮುಳುಗಿ ಗಟ್ಟಿಮುಟ್ಟಾದ 22ನ್ನು ಸರಿಯಾಗಿ ನೋಡಿರಲಿಲ್ಲ ನಾನು. ನಾಲ್ಕನೇ ದಿನ ಅದರಲ್ಲೊಂದು ಸತ್ತಿತು. ಎತ್ತಿ ನೋಡಿದರೆ ಹಿಂಬದಿಯಲ್ಲಿ ಹಿಕ್ಕೆ ಒಣಗಿ ಬಿರಡೆ ಹಾಕಿದ ಹಾಗೆ ಮುಚ್ಚಿತ್ತು. ಪಯಣದ ಆಯಾಸಕ್ಕೆ, ಚಳಿಗೆ, ಸೆಖೆಗೆ ಹೀಗಾಗುವುದುಂಟು. ಕಿತ್ತರೆ ಚರ್ಮ ಕಿತ್ತು ಬರುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಎರಡು ನಿಮಿಷ ಒತ್ತಿ ಹಿಡಿದರೆ ತಾನೇ ಬಿಡುತ್ತದೆ. ಒರೆಸಿ, ಚೂರು ತೆಂಗಿನೆಣ್ಣೆ ಸವರಿ, ಮೈ ಒಣಗಿಸಿಯೇ ಬಿಡಬೇಕು. ಹೊಟ್ಟೆಯ ಕಡೆಗೆ ಇರುವ ಕಪ್ಪು ಚುಕ್ಕೆ ಹೊಕ್ಕುಳು, ಕೊಳೆ ಅಂತ ಅದನ್ನು ಎಳೆಯಬೇಡಿ.

ಅವತ್ತಿನಿಂದ ಮೊಮ್ಮಗ ದಿನಾ ಸಂಜೆ ಪಾಠ ಬದಿಗಿಟ್ಟು ಒಂದೊಂದೇ ಮರಿಯನ್ನು ಎತ್ತಿ, ಬೋರಲು ಹಾಕಿ ಹಿಂಬದಿ ನೋಡಿ, ಎಣಿಸಿ ಬುಟ್ಟಿಗೆ ಬಿಡುತ್ತಾನೆ. 22 ಆಗದಿದ್ದರೆ ಮತ್ತೆ ಮೊದಲಿಂದ ಎಣಿಸುತ್ತಾನೆ.